ಮಾಮಾನ ಮಿನಿ ಜೆಸಿಬಿ ಮತ್ತು ನಾನು ಬಿಡಿಸದ ಫ್ರೀ ಬಾಡಿ ಡಯಾಗ್ರಾಮ್

ಫಸ್ಟ್ ಇಯರ್ ಮುಗಿಸಿ ರಜೆಗೆ ಊರಿಗೆ ಹೋದಾಗ ಮಾಮಾ ನನ್ನ ಕೈಗೆ ಒಂದು ನೋಟ್‌ಬುಕ್ ಹಾಳೆ ಕೊಟ್ಟರು. ಪೆನ್ಸಿಲ್‌ನಲ್ಲಿ ಬಿಡಿಸಿದ ಟ್ರ್ಯಾಕ್ಟರ್, ಅದರ ಹಿಂದೆ ಚೇಳಿನ ಬಾಲದ ಹಾಗೆ ಬಾಗಿದ ಒಂದು ತೋಳು, ತೋಳಿನ ತುದಿಗೆ ಬಕೆಟ್. "ನೀ ಮೆಕ್ಯಾನಿಕಲ್ ಓದಾಕತ್ತೀಯಲ್ಲ ತಮ್ಮಾ, ಇದಕ್ಕ ಎಷ್ಟು ದಪ್ಪನ ಪ್ಲೇಟ್ ಬೇಕು ಹೇಳು" ಅಂದ್ರು. ನನಗೆ ಹೇಳೋಕೆ ಬರಲಿಲ್ಲ. ಆದರೆ "ಲೆಕ್ಕ ಮಾಡಿ ಹೇಳ್ತೀನ್ರಿ ಮಾಮಾ" ಅಂತ ದೊಡ್ಡ ಇಂಜಿನಿಯರ್ ತರ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಈ ಲೇಖನ ಆ ಲೆಕ್ಕದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ನಾನು ಮಾಡದೇ ಬಿಟ್ಟ ಲೆಕ್ಕದ ಬಗ್ಗೆ.

ಮಾಮಾನ ಹೊಲ ಮುಧೋಳ ತಾಲೂಕಿನಲ್ಲಿ, ಘಟಪ್ರಭಾ ದಂಡೆಗೆ ಹತ್ತಿರ. ಎರಿ ಭೂಮಿ, ಕಬ್ಬು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಕಡೆಯವರಿಗೆ ಸವಳು-ಜವಳು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯ ಗೆಳೆಯರಿಗಾಗಿ ಹೇಳ್ತೀನಿ. ಎರಿ ಮಣ್ಣಿನ ಜೇಡಿ ಕಣ ತುಂಬಾ ಸಣ್ಣದು, ನೀರು ಕುಡಿದರೆ ಉಬ್ಬುತ್ತೆ, ಕೆಳಗೆ ನೀರು ಬಸಿಯೋಕೆ ಬಿಡಲ್ಲ. ಕಬ್ಬಿಗೆ ವರ್ಷಗಟ್ಟಲೆ ನೀರು ಹಾಯಿಸ್ತಾ ಹೋದರೆ ಅಂತರ್ಜಲ ಮೇಲೆ ಬಂದು ಬೇರಿನ ಹತ್ತಿರ ನಿಲ್ಲುತ್ತೆ. ಅದು ಜವಳು. ಆ ನೀರು ಬಿಸಿಲಿಗೆ ಆವಿಯಾದಾಗ ಅದರಲ್ಲಿದ್ದ ಉಪ್ಪು ಮಾತ್ರ ಮೇಲೆ ಬೆಳ್ಳಗೆ ಉಳಿಯುತ್ತೆ. ಅದು ಸವಳು. ಮಾಮಾನ ಹೊಲದ ಕೆಳಗಿನ ಮೂಲೆ ಹೀಗೇ ಬೆಳ್ಳಗಾಗುತ್ತಾ ಬಂದಿತ್ತು.

ಇದಕ್ಕೆ ಇರೋ ಔಷಧ ಬಸಿಗಾಲುವೆ. ಸುಮಾರು ಒಂದು ಮೀಟರ್ ಆಳದಲ್ಲಿ ರಂಧ್ರ ಇರೋ ಪೈಪ್ ಹೂತು, 100 ಮೀಟರಿಗೆ 20 ಸೆಂ.ಮೀ. ಅಷ್ಟು ಇಳಿಜಾರು ಕೊಟ್ಟು, ಬಸಿದ ನೀರನ್ನು ಹಳ್ಳಕ್ಕೆ ಬಿಡಬೇಕು. ಇದನ್ನ ಅಗೆಯೋಕೆ ಜೆಸಿಬಿ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದರ ತೂಕ ಏಳೆಂಟು ಟನ್. ಜವಳು ಹೊಲಕ್ಕೆ ಇಳಿದರೆ ಗಾಲಿ ಹೂಳುತ್ತೆ, ಹೋದ ದಾರಿಯ ಮಣ್ಣೆಲ್ಲ ಒತ್ತಿ ಗಟ್ಟಿಯಾಗುತ್ತೆ. ಅಂದ್ರೆ ಯಾವ ರೋಗಕ್ಕೆ ಔಷಧ ಕೊಡೋಕೆ ಬಂತೋ ಅದೇ ರೋಗ ಹೆಚ್ಚು ಮಾಡಿ ಹೋಗುತ್ತೆ. ಮೇಲಾಗಿ ಕಬ್ಬು ಕಡಿದು ಕುಳೆ ಚಿಗುರೋ ಮಧ್ಯದ ಸ್ವಲ್ಪ ದಿನದಲ್ಲೇ ಈ ಕೆಲಸ ಆಗಬೇಕು. ಆ ದಿನಗಳಲ್ಲಿ ಎಲ್ಲರಿಗೂ ಜೆಸಿಬಿ ಬೇಕು. ತಾಸಿನ ಬಾಡಿಗೆ ಮಾತಾಡೋದು ಆಮೇಲಿನ ಮಾತು, ಮೊದಲು ಡ್ರೈವರ್ ಫೋನ್ ಎತ್ತಬೇಕು.

ಮಾಮಾನ ಹತ್ತಿರ ಇದ್ದದ್ದು 27 ಎಚ್‌ಪಿ ಸಣ್ಣ ಟ್ರ್ಯಾಕ್ಟರ್, ತೂಕ ಹತ್ತಿರ ಹತ್ತಿರ ಒಂದು ಟನ್. ಅದರ ಹಿಂದೆ ಒಂದು ಸಣ್ಣ ಬ್ಯಾಕ್‌ಹೋ ಕೂರಿಸಿದರೆ ಆಯ್ತು ಅನ್ನೋದು ಅವರ ಪ್ಲಾನ್. ಗುಜರಾತ, ಪಂಜಾಬ ಕಡೆ ಇಂಥವನ್ನು ಮಾಡಿ ಮಾರುತ್ತಾರೆ. ಆದರೆ ಆ ದುಡ್ಡಿಗೆ ಹಳೇ ಟ್ರ್ಯಾಕ್ಟರ್ ಬರುತ್ತೆ ಅಂತ ಮಾಮಾನ ವಾದ.

ಮಾಮಾನ ಐಡಿಯಾ ಹುಚ್ಚು ಅನ್ನಿಸಿದರೆ ಸ್ವಲ್ಪ ಇತಿಹಾಸ ನೋಡಿ. ನಮ್ಮ ಕಡೆ ಜೆಸಿಬಿ ಅನ್ನೋದು ಯಂತ್ರದ ಹೆಸರು, ಆದರೆ ಅದು ನಿಜವಾಗಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅನ್ನೋ ಮನುಷ್ಯನ ಇನಿಶಿಯಲ್ಸ್. 1945ರಲ್ಲಿ ಇಂಗ್ಲೆಂಡಿನ ಅಟಾಕ್ಸಿಟರ್ ಊರಲ್ಲಿ ಬಾಡಿಗೆ ಗ್ಯಾರೇಜ್ ಹಿಡಿದು, ಯುದ್ಧದ ಗುಜರಿ ಕಬ್ಬಿಣದಿಂದ ಒಂದು ಟಿಪ್ಪರ್ ಟ್ರೇಲರ್ ಬೆಸುಗೆ ಹಾಕಿ 45 ಪೌಂಡಿಗೆ ಮಾರಿದ್ದು ಅವನ ಮೊದಲ ವ್ಯಾಪಾರ. ಅಮೆರಿಕದಲ್ಲಿ ವೇಯ್ನ್-ರಾಯ್ ಅನ್ನೋ ಹೆಸರಲ್ಲಿ ಹೈಡ್ರಾಲಿಕ್ ಬ್ಯಾಕ್‌ಹೋ ಬಂದದ್ದು 1948ರಲ್ಲಿ, ಅದೂ ಫೋರ್ಡ್ ಟ್ರ್ಯಾಕ್ಟರಿನ ಹಿಂದೆ. ಬ್ಯಾಮ್‌ಫರ್ಡ್‌ನ ಬ್ಯಾಕ್‌ಹೋ ಬಂದದ್ದು 1953ರಲ್ಲಿ, ಅದೂ ಟ್ರ್ಯಾಕ್ಟರ್ ಮೇಲೇ. ನಾವು ಇವತ್ತು ರಸ್ತೆಯಲ್ಲಿ ನೋಡೋ ಹಳದಿ ಯಂತ್ರ ಹುಟ್ಟಿದ್ದೇ ಟ್ರ್ಯಾಕ್ಟರಿನ ಬಾಲವಾಗಿ.

ಮತ್ತೆ ನಮ್ಮ ಕಡೆಯವರಿಗೆ "ನಾವೇ ಮಾಡೋಣ" ಅನ್ನೋದು ಹೊಸದೂ ಅಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಮೈಬಗ್ಗಿಸಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಶ್ರಮಬಿಂದು ಸಾಗರ ಅಂತ ಹೆಸರು. "ಹೊಳಿಗೇ ಬ್ಯಾರೇಜ್ ಕಟ್ಟ್ಯಾರ, ನಮಗೊಂದು ತೆಗ್ಗು ತೆಗಿಯೂ ಮಷಿನ್ ಮಾಡಾಕ ಆಗೂದಿಲ್ಲೇನು?" ಇದು ಮಾಮಾ ದಿನಕ್ಕೆ ಎರಡು ಸಲ ಹೇಳೋ ಡೈಲಾಗ್.

ಸರಿ, ಲೆಕ್ಕಕ್ಕೆ ಬರೋಣ. ಬ್ಯಾಕ್‌ಹೋಗೆ ಮೂರು ಮುಖ್ಯ ತುಂಡು. ಟ್ರ್ಯಾಕ್ಟರ್ ಕಡೆಯಿಂದ ಮೊದಲು ಬೂಮ್, ಅಂದ್ರೆ ನಮ್ಮ ಭುಜದಿಂದ ಮೊಣಕೈವರೆಗಿನ ಭಾಗ. ಆಮೇಲೆ ಡಿಪ್ಪರ್, ಮೊಣಕೈಯಿಂದ ಮಣಿಕಟ್ಟಿನವರೆಗೆ. ಕೊನೆಗೆ ಬಕೆಟ್, ಅಂಗೈ. ಪ್ರತಿಯೊಂದಕ್ಕೂ ಒಂದೊಂದು ಹೈಡ್ರಾಲಿಕ್ ಸಿಲಿಂಡರ್, ಎಡಕ್ಕೆ ಬಲಕ್ಕೆ ತಿರುಗಿಸೋಕೆ ಬೇರೆ. ಟ್ರ್ಯಾಕ್ಟರಿನ ಪಿಟಿಓ ಶಾಫ್ಟ್ ಒಂದು ಗೇರ್ ಪಂಪ್ ತಿರುಗಿಸುತ್ತೆ, ಪಂಪ್ ಆಯಿಲ್ ನೂಕುತ್ತೆ, ಲಿವರ್ ಎಳೆದಾಗ ಕಂಟ್ರೋಲ್ ವಾಲ್ವ್ ಬೇಕಾದ ಸಿಲಿಂಡರ್‌ಗೆ ಆಯಿಲ್ ಬಿಡುತ್ತೆ.

ಮಾಮಾ ಜಮಖಂಡಿಯ ಗುಜರಿಯಿಂದ ಮೊದಲು ತಂದದ್ದು ಟ್ರೇಲರ್ ಎತ್ತೋ ಸಿಲಿಂಡರ್. ಅದು ಸಿಂಗಲ್ ಆ್ಯಕ್ಟಿಂಗ್. ಆಯಿಲ್ ಬಿಟ್ಟರೆ ಎತ್ತುತ್ತೆ, ಇಳಿಯೋಕೆ ಟ್ರೇಲರಿನ ಭಾರವೇ ಬೇಕು. ಬ್ಯಾಕ್‌ಹೋಗೆ ಎರಡೂ ಕಡೆ ಬಲ ಬೇಕು, ಹಾಗಾಗಿ ಡಬಲ್ ಆ್ಯಕ್ಟಿಂಗ್. ಅದನ್ನ ವಾಪಸ್ ಕೊಟ್ಟು, ಹಳೇ ಯಂತ್ರಗಳಿಂದ ಬಿಚ್ಚಿದ 63 ಎಂಎಂ ಬೋರ್‌ನ ಸಿಲಿಂಡರ್‌ಗಳನ್ನು ತಂದ್ವಿ.

63 ಎಂಎಂ ಬೋರ್ ಅಂದ್ರೆ ಪಿಸ್ಟನ್ ಏರಿಯಾ ಸುಮಾರು 3117 ಚದರ ಎಂಎಂ. ಪ್ರೆಷರ್ 150 ಬಾರ್, ಅಂದ್ರೆ ಪ್ರತಿ ಚದರ ಎಂಎಂಗೆ 15 ನ್ಯೂಟನ್. ಗುಣಿಸಿದರೆ 46.8 ಕಿಲೋ ನ್ಯೂಟನ್, ಹೆಚ್ಚು ಕಡಿಮೆ 4.7 ಟನ್ ಬಲ! ಬಕೆಟ್ ಸಿಲಿಂಡರ್ ಪಿವಟ್‌ನಿಂದ 20 ಸೆಂ.ಮೀ. ದೂರದಲ್ಲಿ ನೂಕುತ್ತೆ, ಬಕೆಟ್ ಹಲ್ಲು ಇರೋದು 60 ಸೆಂ.ಮೀ. ದೂರ. ಬಲ ಮೂರರಲ್ಲಿ ಒಂದು ಭಾಗ ಆಗುತ್ತೆ. ಆದರೂ ಹಲ್ಲಿನ ತುದಿಗೆ ಒಂದೂವರೆ ಟನ್‌ಗಿಂತ ಹೆಚ್ಚು.

ಎಚ್‌ಪಿ ಸಾಲುತ್ತಾ? ನಿಮಿಷಕ್ಕೆ 20 ಲೀಟರ್ ಪಂಪ್, 150 ಬಾರ್. ಇದಕ್ಕೆ ಬೇಕಾದ ಪವರ್ 5 ಕಿಲೋವ್ಯಾಟ್, ಲಾಸ್ ಸೇರಿಸಿದರೂ 8 ಎಚ್‌ಪಿ ಆಸುಪಾಸು. ನಮ್ಮಲ್ಲಿ 27 ಇದೆ. ಅರ್ಧ ಮೀಟರ್ ಸ್ಟ್ರೋಕ್‌ಗೆ ಸುಮಾರು ಒಂದೂವರೆ ಲೀಟರ್ ಆಯಿಲ್, ಅಂದ್ರೆ ಐದು ಸೆಕೆಂಡ್‌ನಲ್ಲಿ ಸಿಲಿಂಡರ್ ಪೂರ್ತಿ ಹೊರಗೆ. ಹೊಲದ ಕೆಲಸಕ್ಕೆ ಇಷ್ಟು ಸ್ಪೀಡ್ ಸಾಕು.

ಪ್ಲೇಟ್ ದಪ್ಪಾನೂ ನೋಡಿದೆ. 100 x 150 ಬಾಕ್ಸ್, 6 ಎಂಎಂ ಪ್ಲೇಟ್. ಎರಡು ಮೀಟರ್ ದೂರದಲ್ಲಿ 600 ಕೆಜಿ ಅಷ್ಟು ಬಲ ಬಿದ್ದರೆ ಸ್ಟ್ರೆಸ್ 100 ಎಂಪಿಎ ಹತ್ತಿರ ಬಂತು. ಮೈಲ್ಡ್ ಸ್ಟೀಲ್ ಬಗ್ಗೋದು 250ಕ್ಕೆ. ಫ್ಯಾಕ್ಟರ್ ಆಫ್ ಸೇಫ್ಟಿ ಎರಡೂವರೆ. "6 ಎಂಎಂ ಸಾಕ್ರಿ ಮಾಮಾ." ಮಾಮಾ ಖುಷಿ, ನಾನು ಅದಕ್ಕಿಂತ ಖುಷಿ. ವೆಲ್ಡಿಂಗ್ ಶುರುವಾಯ್ತು. ಬನಹಟ್ಟಿಯ ಒಂದು ಲೇಥ್ ಅಂಗಡಿಯಲ್ಲಿ ಪಿನ್ನು, ಬುಷ್ ತಿರುಗಿಸಿಕೊಂಡು ಬಂದ್ವಿ. ಟ್ರ್ಯಾಕ್ಟರಿಗೆ ಜೋಡಿಸೋದು ಹೇಗೆ ಅನ್ನೋ ಪ್ರಶ್ನೆಯೇ ಬರಲಿಲ್ಲ. ನೇಗಿಲು, ರೋಟಾವೇಟರ್ ಎಲ್ಲಾ ಎಲ್ಲಿ ಜೋಡಿಸ್ತೀವೋ ಅಲ್ಲೇ, ತ್ರೀ ಪಾಯಿಂಟ್ ಲಿಂಕೇಜ್‌ಗೆ.

ಟೆಸ್ಟ್ ಮಾಡಿದ್ದು ದಸರಾ ರಜೆಯಲ್ಲಿ. ಬ್ಯಾಕ್‌ಹೋ ಫ್ರೇಮ್ ಮೇಲೇ ಒಂದು ಸೀಟ್, ಹಿಂದಕ್ಕೆ ಮುಖ. ಮಾಮಾ ಕೂತರು. ಬಕೆಟ್ ನೆಲಕ್ಕೆ ತಾಗಿಸಿ, ಬೂಮ್ ಕೆಳಗೆ ಒತ್ತೋ ಲಿವರ್ ಎಳೆದರು. ಬಕೆಟ್ ನೆಲಕ್ಕೆ ಇಳಿಯಲಿಲ್ಲ. ಅದರ ಬದಲು ಇಡೀ ಫ್ರೇಮ್, ಸೀಟ್, ಸೀಟಿನ ಮೇಲಿದ್ದ ಮಾಮಾ, ಎಲ್ಲಾ ಸೇರಿ ಮೇಲಕ್ಕೆ ಎದ್ದು ಟ್ರ್ಯಾಕ್ಟರಿನ ಕಡೆ ವಾಲಿತು. ಒಂದೇ ಸೆಕೆಂಡ್. ಮಾಮಾನ ಬೆನ್ನು ಡ್ರೈವರ್ ಸೀಟಿಗೆ ತಾಗಿ ಒತ್ತೋಕೆ ಶುರುವಾದಾಗ ಅವರು ಕೂಗಿ ಲಿವರ್ ಬಿಟ್ಟರು. ಲಿವರ್ ತಾನೇ ನ್ಯೂಟ್ರಲ್‌ಗೆ ಬಂತು. ಆಮೇಲೆ ನೋಡಿದರೆ ಸೀಟಿಗೂ ಮಡ್‌ಗಾರ್ಡಿಗೂ ಮಧ್ಯೆ ನಾಲ್ಕು ಬೆರಳು ಜಾಗ ಉಳಿದಿತ್ತು. ಮಾಮಾ ಇಳಿದು ಬಂದು ಬದುವಿನ ಮೇಲೆ ಕೂತರು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ. ಮನೆಯಲ್ಲಿ ಅತ್ತಿಗೆ ಇದನ್ನ ನಾವಿಬ್ಬರೂ ಇವತ್ತಿನವರೆಗೂ ಹೇಳಿಲ್ಲ. ಅವರು ಈ ಮ್ಯಾಗಜೀನ್ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ಏನಾಯ್ತು ಅಂದ್ರೆ, ಹೆಚ್ಚಿನ ಟ್ರ್ಯಾಕ್ಟರಿನ ತ್ರೀ ಪಾಯಿಂಟ್ ಲಿಫ್ಟ್ ಎತ್ತೋಕೆ ಮಾತ್ರ ಬಲ ಕೊಡುತ್ತೆ. ಕೆಳಗೆ ಹಿಡಿದಿಡೋಕೆ ಅದರಲ್ಲಿ ಏನೂ ಇಲ್ಲ, ನೇಗಿಲಿನ ಭಾರಕ್ಕೆ ತಾನೇ ಇಳಿಯುತ್ತೆ. ನೀವು ನೇಗಿಲನ್ನ ಕೈಯಿಂದ ಎತ್ತೋಕೆ ಆಗೋದಾದರೆ, ಆ ಲಿಂಕ್‌ಗಳು ಆರಾಮಾಗಿ ಮೇಲೆ ಬರ್ತಾವೆ. ಬಕೆಟ್ ನೆಲವನ್ನ ಕೆಳಗೆ ಒತ್ತಿದಾಗ ನೆಲ ಬಕೆಟ್ಟನ್ನ ಅಷ್ಟೇ ಬಲದಿಂದ ಮೇಲೆ ಒತ್ತುತ್ತೆ. ನ್ಯೂಟನ್‌ನ ಮೂರನೇ ನಿಯಮ, ಒಂಬತ್ತನೇ ಕ್ಲಾಸಿನ ಪಾಠ. ಆ ಬಲ ಫ್ರೇಮಿಗೆ ಬಂತು, ಫ್ರೇಮ್ ಅದನ್ನ ಕೊಡಬೇಕಾದ ಲಿಂಕ್‌ಗಳು ಹಿಡಿಯೋಕೆ ತಯಾರಿಲ್ಲ, ಹಾಗಾಗಿ ಎದ್ದು ಬಂತು. ನಾನು ಬಕೆಟ್ ಎಷ್ಟು ಬಲ ಕೊಡುತ್ತೆ ಅಂತ ಎರಡು ದಶಮಾಂಶದವರೆಗೆ ಲೆಕ್ಕ ಮಾಡಿದ್ದೆ. ಆ ಬಲ ವಾಪಸ್ ಎಲ್ಲಿಗೆ ಹೋಗುತ್ತೆ ಅಂತ ಒಂದು ಬಾಣದ ಗುರುತೂ ಹಾಕಿರಲಿಲ್ಲ. ಇಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಎಫ್‌ಬಿಡಿಗೆ ಪೂರ್ತಿ ಮಾರ್ಕ್ಸ್ ತಗೊಂಡವನು ನಾನು. ತಪ್ಪು ವೆಲ್ಡಿಂಗ್‌ನವರದಲ್ಲ, ಅವರು ನಾನು ಹೇಳಿದ್ದನ್ನೇ ಮಾಡಿದ್ದರು.

ಹಾಸ್ಟೆಲ್‌ಗೆ ಬಂದು ಕೂತು ಬಿಡಿಸಿದೆ. ಈ ಸಲ ಇಡೀ ಟ್ರ್ಯಾಕ್ಟರನ್ನೇ ಒಂದು ಬಾಡಿ ಅಂತ ತಗೊಂಡೆ. ಬಕೆಟ್ ಕೆಳಗೆ ಒತ್ತಿದರೆ ಟ್ರ್ಯಾಕ್ಟರ್ ಮುಂದಿನ ಗಾಲಿಯ ಮೇಲೆ ತಿರುಗಿ ಹಿಂಭಾಗ ಏಳೋಕೆ ನೋಡುತ್ತೆ. ಅದನ್ನ ತಡೆಯೋದು ತೂಕ ಮಾತ್ರ. ಟ್ರ್ಯಾಕ್ಟರ್ 1000 ಕೆಜಿ, ಅದರ ಸೆಂಟರ್ ಆಫ್ ಗ್ರಾವಿಟಿ ಮುಂದಿನ ಆ್ಯಕ್ಸಲ್‌ನಿಂದ 0.95 ಮೀಟರ್ ಹಿಂದೆ. ಬ್ಯಾಕ್‌ಹೋ 350 ಕೆಜಿ, 2.4 ಮೀಟರ್ ಹಿಂದೆ. ಬಕೆಟ್ ಇರೋದು 3.9 ಮೀಟರ್ ಹಿಂದೆ. 950 ಮತ್ತು 840 ಕೂಡಿಸಿ 3.9ರಿಂದ ಭಾಗಿಸಿ: 459 ಕೆಜಿ. ಅಷ್ಟೇ. ಸಿಲಿಂಡರ್ ಎಷ್ಟೇ ದೊಡ್ಡದಿರಲಿ, ನೆಲದ ಮೇಲೆ ಅದಕ್ಕಿಂತ ಹೆಚ್ಚು ಒತ್ತೋಕೆ ಹೋದರೆ ಹಿಂದಿನ ಗಾಲಿ ಎದ್ದು ನಿಲ್ಲುತ್ತೆ. ಎಳೆಯೋದರಲ್ಲೂ ಅದೇ ಕತೆ, ಗಾಲಿ ಮತ್ತು ಸ್ಟೆಬಿಲೈಜರ್ ಕಾಲುಗಳು ಮಣ್ಣನ್ನ ಎಷ್ಟು ಹಿಡಿದಾವೋ ಅಷ್ಟೇ ಬಲ. ಅದಕ್ಕಿಂತ ಹೆಚ್ಚಾದರೆ ಮಣ್ಣು ಬರೋ ಬದಲು ಟ್ರ್ಯಾಕ್ಟರೇ ಮಣ್ಣಿನ ಕಡೆ ಹೋಗುತ್ತೆ.

ಇದನ್ನ ಫೋನ್‌ನಲ್ಲಿ ಮಾಮಾಗೆ ಹೇಳೋಕೆ ಹೋಗಿ ಮೊಮೆಂಟ್‌ಗೆ ಕನ್ನಡದಲ್ಲಿ ಏನು ಅಂತ ತಡಬಡಿಸಿದೆ (ಇಂಗ್ಲಿಷ್ ಮೀಡಿಯಂನ ಪಾಪ). ಮಾಮಾನೇ ಹೇಳಿದರು: "ಹಾರಿ ಹಾಕಿ ಕಲ್ಲು ಮೀಟಿದಂಗ ಅಲ್ಲೇನು? ಮನಿಶ್ಯಾ ಹಗುರ ಇದ್ದರ ಕಲ್ಲು ಏಳೂದಿಲ್ಲ, ಮನಿಶ್ಯಾನ ಏಳ್ತಾನ." ಇಷ್ಟು ಸರಿಯಾದ ವಿವರಣೆ ನನಗೆ ಯಾವ ಪಿಪಿಟಿಯಲ್ಲೂ ಸಿಕ್ಕಿಲ್ಲ.

ಇನ್ನೊಂದು ಅಪಾಯ ಟಾಪ್ ಲಿಂಕ್‌ನಲ್ಲಿತ್ತು. ಬಕೆಟ್ ನೆಲದಿಂದ 1.2 ಮೀಟರ್ ಕೆಳಗೆ, ಲೋವರ್ ಲಿಂಕ್ ನೆಲದಿಂದ ಅರ್ಧ ಮೀಟರ್ ಮೇಲೆ, ಒಟ್ಟು 1.7. ಸ್ಟೆಬಿಲೈಜರ್ ನೆಲ ಬಿಟ್ಟಿರೋವಾಗ 8 ಕಿಲೋ ನ್ಯೂಟನ್ ಬಲದಿಂದ ಎಳೆದರೆ 13.6 ಕಿಲೋ ನ್ಯೂಟನ್ ಮೀಟರ್ ಮೊಮೆಂಟ್. ಟಾಪ್ ಲಿಂಕ್ ಲೋವರ್ ಲಿಂಕ್‌ಗಿಂತ ಅರ್ಧ ಮೀಟರ್ ಮಾತ್ರ ಮೇಲಿದೆ. ಅದರ ಮೇಲೆ ಬೀಳೋ ಬಲ 27 ಕಿಲೋ ನ್ಯೂಟನ್, ಹತ್ತಿರ ಹತ್ತಿರ 2.8 ಟನ್. ಅದು ಒತ್ತೋದು ಎಲ್ಲಿ? ಹಿಂದಿನ ಗೇರ್ ಹೌಸಿಂಗ್ ಮೇಲೆ, ಎರಕದ ಕಬ್ಬಿಣದ ಮೇಲೆ. ಲಾರಿಗಿದ್ದ ಹಾಗೆ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಬೇರೆ ಚಾಸಿ ಇರಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಹಾಕಿ ನಿಲ್ಲಿಸಿದ್ದೇ ಅದರ ಬೆನ್ನೆಲುಬು. ನೇಗಿಲು ಒಂದೇ ಸಮನೆ ಎಳೆಯೋದಕ್ಕೆ ಅದು ತಡೆಯುತ್ತೆ. ಬ್ಯಾಕ್‌ಹೋ ದಿನಕ್ಕೆ ಸಾವಿರ ಸಲ ಮೇಲೆ ಕೆಳಗೆ ಕುಲುಕಿದರೆ ಹೌಸಿಂಗ್ ಬಿರುಕು ಬಿಡಬಹುದು, ಬೋಲ್ಟ್ ಸಡಿಲ ಆಗಬಹುದು. ಅಲ್ಲಿಗೆ ಟ್ರ್ಯಾಕ್ಟರ್ ಕತೆ ಮುಗಿದಂಗೆ.

ಎರಡಕ್ಕೂ ಒಂದೇ ಉತ್ತರ, ಸಬ್‌ಫ್ರೇಮ್. ಟ್ರ್ಯಾಕ್ಟರಿನ ಎರಡೂ ಪಕ್ಕ ಕೆಳಗೆ ಒಂದೊಂದು 100 ಎಂಎಂ ಸಿ ಚಾನೆಲ್. ಮುಂದೆ ಫ್ರಂಟ್ ಆ್ಯಕ್ಸಲ್ ಬ್ರಾಕೆಟ್‌ಗೆ ಬೋಲ್ಟ್, ಹಿಂದೆ ರಿಯರ್ ಆ್ಯಕ್ಸಲ್ ಹೌಸಿಂಗ್‌ಗೆ ಯು-ಬೋಲ್ಟ್. ಬ್ಯಾಕ್‌ಹೋ ಈ ಚಾನೆಲ್‌ಗೆ ಪಿನ್ ಆಗುತ್ತೆ, ತ್ರೀ ಪಾಯಿಂಟ್‌ಗೆ ಅಲ್ಲ. ಆಗ ಬಲ ಟ್ರ್ಯಾಕ್ಟರಿನ ಬೆನ್ನೆಲುಬಿನ ಒಂದೇ ಜಾಗದಲ್ಲಿ ಬೀಳದೆ ಉದ್ದಕ್ಕೂ ಹಂಚಿಕೊಳ್ಳುತ್ತೆ, ಫ್ರೇಮ್ ಮಡಚಿ ಮೇಲೇಳೋ ಪ್ರಶ್ನೆಯೇ ಇಲ್ಲ. ಇಡೀ ಪ್ರಾಜೆಕ್ಟ್‌ನಲ್ಲಿ ನೋಡೋಕೆ ಅತಿ ಬೋರಿಂಗ್ ಭಾಗ ಇದೇ, ಫೋಟೋದಲ್ಲಿ ಕಾಣೋದೂ ಇಲ್ಲ. ಯೂಟ್ಯೂಬ್‌ನಲ್ಲಿ ಮಿನಿ ಬ್ಯಾಕ್‌ಹೋ ವಿಡಿಯೋ ನೋಡುವಾಗ ಇನ್ನು ಮೇಲೆ ಬಕೆಟ್ ನೋಡಬೇಡಿ, ಟ್ರ್ಯಾಕ್ಟರಿನ ಹೊಟ್ಟೆ ಕೆಳಗೆ ಏನಿದೆ ನೋಡಿ.

ಜೊತೆಗೆ ಮಾಮಾಗೆ ಸ್ವಲ್ಪವೂ ಇಷ್ಟವಾಗದ ಇನ್ನೊಂದು ಕೆಲಸ ಮಾಡಿದೆ. ರಿಲೀಫ್ ವಾಲ್ವ್ 150ರಿಂದ 110 ಬಾರ್‌ಗೆ ಇಳಿಸಿದೆ. ದುಡ್ಡು ಕೊಟ್ಟು ತಂದ ಬಲವನ್ನ ಯಾಕೆ ಕಡಿಮೆ ಮಾಡೋದು ಅಂತ ಜಗಳ. ಟ್ರ್ಯಾಕ್ಟರಿನ ತೂಕಕ್ಕೆ ಹಿಡಿಯೋಕೆ ಆಗದ ಬಲ ಇದ್ದೂ ಏನು ಉಪಯೋಗ, ಅದು ಪಿನ್ನು ಬುಷ್ ತಿನ್ನುತ್ತೆ ಅಷ್ಟೇ. ತಿರುಗಿಸೋ ಸಿಲಿಂಡರ್‌ಗಳಿಗೆ ಬೇರೆ ರಿಲೀಫ್ ವಾಲ್ವ್ ಹಾಕಿದ್ವಿ. ತುಂಬಿದ ಬಕೆಟ್ ಜೋರಾಗಿ ತಿರುಗುತ್ತಿರುವಾಗ ಲಿವರ್ ಬಿಟ್ಟರೆ ಆಯಿಲ್‌ಗೆ ಹೋಗೋಕೆ ದಾರಿ ಇಲ್ಲದೆ ಪ್ರೆಷರ್ ಒಮ್ಮೆಲೇ ಏರುತ್ತೆ, ಪೈಪ್ ಒಡೆಯೋದು ಇಂಥ ಹೊತ್ತಲ್ಲೇ.

ಹೋಸ್ ಪೈಪ್ ವಿಷಯ ಬಂತಲ್ಲ, ಒಂದು ಮಾತು ದಯವಿಟ್ಟು ನೆನಪಿಡಿ. ಎಲ್ಲಿ ಲೀಕ್ ಆಗ್ತಿದೆ ಅಂತ ಪೈಪ್ ಮೇಲೆ ಕೈ ಆಡಿಸಿ ನೋಡಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ 100 ಬಾರ್‌ನಲ್ಲಿ ಬರೋ ಆಯಿಲ್ ಚರ್ಮ ಕೊರೆದು ಒಳಗೆ ಹೋಗುತ್ತೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಅಷ್ಟಾಗಿ ಇರಲ್ಲ, ಒಳಗೆ ಮಾಂಸ ಕೊಳೆಯುತ್ತೆ. ಕೆಲವೇ ತಾಸಿನಲ್ಲಿ ಆಪರೇಷನ್ ಆಗದಿದ್ದರೆ ಬೆರಳು ಅಥವಾ ಕೈ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಇಂಜಿನ್ ಬಂದ್ ಮಾಡಿ, ಬಕೆಟ್ ನೆಲಕ್ಕೆ ಇಟ್ಟು, ಲಿವರ್ ಆಡಿಸಿ ಪ್ರೆಷರ್ ಬಿಟ್ಟ ಮೇಲೇ ಪಾನಾ ಹಿಡಿಯಿರಿ.

ವೆಲ್ಡಿಂಗ್ ಬಗ್ಗೆ ಉದ್ದ ಬರೆಯಲ್ಲ. ಬಿರುಕು ಶುರುವಾಗೋದು ಪ್ಲೇಟ್ ನಡುವೆ ಅಲ್ಲ, ಪಿನ್ ಹೋಲಿನ ಹತ್ತಿರ ಮತ್ತು ಅಡ್ಡಡ್ಡ ಹಾಕಿದ ಬೆಸುಗೆಯ ಅಂಚಿನಲ್ಲಿ. ಹೆಚ್ಚುವರಿ ಪ್ಲೇಟ್ ಹಾಕುವಾಗ ಅದರ ತುದಿ ಚೌಕ ಬಿಡದೆ ಮೀನಿನ ಬಾಲದ ತರ ಚೂಪು ಮಾಡಿದ್ವಿ. ಪ್ರತಿ ಪಿನ್‌ಗೂ ಗ್ರೀಸ್ ನಿಪ್ಪಲ್.

ಬಕೆಟ್‌ನಲ್ಲಿ ನಾನು ಕಲಿಸೋದು ಏನೂ ಇರಲಿಲ್ಲ, ಕಲಿತದ್ದೇ ಹೆಚ್ಚು. ಹಸಿ ಎರಿ ಮಣ್ಣು ಬಕೆಟ್‌ಗೆ ಅಂಟಿದರೆ ಬೀಳಲ್ಲ, ತಲೆಕೆಳಗು ಮಾಡಿದರೂ ಬೀಳಲ್ಲ. ಹಾಗಾಗಿ ಬಕೆಟ್ ಬಾಯಿ 30 ಸೆಂ.ಮೀ., ಹಿಂಭಾಗ ಅದಕ್ಕಿಂತ ಮೂರು ಸೆಂ.ಮೀ. ಕಿರಿದು, ಮೂಲೆಗಳೆಲ್ಲ ಗುಂಡು. ಇದು ವೆಲ್ಡಿಂಗ್ ಅಂಗಡಿಯ ಅಣ್ಣ ಹೇಳಿದ್ದು. ಬೀಳಗಿ ಕಡೆಯ ಗುಡ್ಡದ ಮಗ್ಗಲಿನ ಕಲ್ಲು ಹೊಲಕ್ಕಾದರೆ ಇದೇ ಬಕೆಟ್ ನಡೆಯಲ್ಲ, ಕಿರಿದಾದ, ಗಟ್ಟಿ ಹಲ್ಲಿನದು ಬೇಕು. 459 ಕೆಜಿಗೆ ಕಲ್ಲು ಜಗ್ಗಲ್ಲ ಅನ್ನೋದೂ ಗೊತ್ತಿರಲಿ. ಎರಿ ಹೊಲದಲ್ಲೂ ಬೇಸಿಗೆಯಲ್ಲಿ ಒಣಗಿ ಸಿಡಿದಾಗ ಹೋದರೆ ಹಲ್ಲು ಜಾರುತ್ತೆ, ಮಣ್ಣು ಹದದಲ್ಲಿರುವಾಗಲೇ ಹೋಗಬೇಕು.

ಈ ಜನವರಿಯಲ್ಲಿ ಕಬ್ಬು ಹೋದ ಮೇಲೆ ಎರಡನೇ ಟೆಸ್ಟ್. ಈ ಸಲ ಮೊದಲು ಕೂತದ್ದು ಯಾರೂ ಅಲ್ಲ. ಲಿವರ್‌ಗೆ ಉದ್ದನೆಯ ಕಟ್ಟಿಗೆ ಕಟ್ಟಿ ದೂರ ನಿಂತು ಒತ್ತಿದ್ವಿ. ಹಿಂದಿನ ಗಾಲಿ ನಿಧಾನಕ್ಕೆ ಎದ್ದವು, ಸೀಟ್ ಮಾತ್ರ ಟ್ರ್ಯಾಕ್ಟರ್ ಕಡೆ ಒಂದಿಂಚೂ ಸರಿಯಲಿಲ್ಲ. ಆಮೇಲೆ ಮಾಮಾ ಹತ್ತಿದರು. ಕೆಳಗೆ ಒತ್ತಬೇಡಿ, ಬಕೆಟ್ ಮಡಚಿ ಕೆರೆದುಕೊಳ್ಳಿ ಅಂತ ಹೇಳಿದ್ದೆ, ಹತ್ತು ಬಕೆಟ್ ಆಗೋದರೊಳಗೆ ಅವರಿಗೆ ಕೈ ಹದ ಬಂತು. ಜವಳಿನಲ್ಲಿ ಸ್ಟೆಬಿಲೈಜರ್ ಕಾಲು ಹೂಳತೊಡಗಿತು, 30 x 30 ಸೆಂ.ಮೀ. ಪ್ಲೇಟ್ ಸಾಲಲಿಲ್ಲ, ಕೆಳಗೆ ಹಲಗೆ ಹಾಕಿದ್ವಿ. ಸುಮಾರು ಎರಡೂವರೆ ತಾಸಿಗೆ 20 ಮೀಟರ್ ಆಯ್ತು. ಜೆಸಿಬಿ ಎದುರು ಇದು ಆಮೆ.

ತಗ್ಗಿನ ತಳದಲ್ಲಿ ಇಳಿಜಾರು ನೋಡೋಕೆ ನನ್ನ ತಮ್ಮ ಒಳಗೆ ಹಾರೋಕೆ ಹೋದ. ಎರಿ ಮಣ್ಣಿನ ಗೋಡೆ ಒಳಗೆ ಮೊದಲೇ ಜಾರುವ ಬಿರುಕು ಇರ್ತಾವೆ, ಹೇಳದೆ ಕೇಳದೆ ಕುಸಿಯುತ್ತೆ, ಬಗ್ಗಿ ಕೂತವನಿಗೆ ಒಂದು ಮೀಟರ್ ಆಳವೂ ಸಾಕು. ನಾನು ಬಾಯಿ ತೆಗೆಯೋ ಮೊದಲೇ ಮಾಮಾ ಇಂಜಿನ್ ಬಂದ್ ಮಾಡಿ ಸೀಟ್ ಮೇಲಿಂದಲೇ ಕೂಗಿದರು: "ಏ, ಮ್ಯಾಲೇ ನಿಂತು ಕೋಲು ಹಚ್ಚಿ ನೋಡೋ!" ಕೋಲಿಗೆ ಗುರುತು ಮಾಡಿ, ನೀರಿನ ಲೆವೆಲ್ ಪೈಪ್ ಹಿಡಿದು, ಮೇಲಿಂದಲೇ ಅಳೆದ್ವಿ. ಇನ್ನೂ 180 ಮೀಟರ್ ಬಾಕಿ ಇದೆ.